ಎರಡು ಕೌಂಟರ್, ಒಂದು ಕುಂಡಲಿ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಗುರುಪ್ರಸಾದನ ಕಂಪ್ಯೂಟರ್ ಜಾತಕದ ಅಂಗಡಿ ಶುರುವಾದದ್ದು ಎರಡು ಸಾವಿರದ ಎರಡರಲ್ಲಿ. ಅಪ್ಪ ಪುಟ್ಟಣ್ಣ ಜೋಯಿಸರು ಪಂಚಾಂಗ ತಿರುವಿ ಅರ್ಧ ದಿನ ಕೂತು ಮಾಡುತ್ತಿದ್ದ ಲೆಕ್ಕವನ್ನು ಮಗ ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮು ಮಾಡಿ ಬರೆದಿದ್ದ. ಅಂಗಡಿಯಲ್ಲಿ ಎರಡು ಕೌಂಟರ್, ಹಿಂದೆ ಯಂತ್ರ ಒಂದೇ. ಎರಡೂ ಕಡೆಯ ಕೆಲಸ ಒಟ್ಟಿಗೆ ಸಾಗಲೆಂದು ಪ್ರೋಗ್ರಾಮಿನೊಳಗೆ ಒಂದೊಂದು ಕೌಂಟರಿಗೆ ಒಂದೊಂದು ಥ್ರೆಡ್ ಇಟ್ಟಿದ್ದ, ಅಂದರೆ ಒಂದೇ ಮನೆಯಲ್ಲಿ ಇಬ್ಬರು ಕೆಲಸದವರು. ಹೆತ್ತವರಿಗೆ ಹೆಗ್ಗಣ ಮುದ್ದು. ಅವನಿಗೆ ಆ ಪ್ರೋಗ್ರಾಮು.

ತಂಗಿ ಶರಾವತಿಗೆ ಭದ್ರಾವತಿಯಿಂದ ಸಂಬಂಧ ಬಂತು. ಹುಡುಗ ಕಾಲೇಜಿನಲ್ಲಿ ಮೇಷ್ಟ್ರು. ನೋಡಿ ಒಪ್ಪಿದ, ಅವಳೂ ಒಪ್ಪಿದ್ದಳೆಂಬುದು ಮುಖದಲ್ಲೇ ಕಾಣುತ್ತಿತ್ತು. ಜಾತಕ ಕೂಡಿಸುವುದೊಂದು ಬಾಕಿ. ಸ್ವಂತ ಮಗಳ ಜಾತಕವನ್ನು ಜೋಯಿಸನಾದ ತಂದೆ ಕೂಡಿಸಬಾರದೆಂಬುದು ಆ ಮನೆಯ ಕಟ್ಟುಪಾಡು.

"ನಾನು ನೋಡಿದ್ರೆ ಯಾರು ನಂಬ್ತಾರಮ್ಮ? ನನ್ನ ಮಗನ ಅಂಗಡೀಲಿ ಹಾಕಿಸಿ. ಯಂತ್ರಕ್ಕೆ ಮಗಳಿಲ್ಲ," ಎಂದು ಪುಟ್ಟಣ್ಣನವರು ಹುಡುಗನ ತಾಯಿ ಸೀತಮ್ಮನಿಗೆ ಹೇಳಿದರು.

ಸೀತಮ್ಮ ಬಂದ ಹೊತ್ತಿಗೆ ಪಕ್ಕದ ಕೌಂಟರಿನಲ್ಲೂ ಯಾರೋ ತಮ್ಮ ಮಗಳ ಜನ್ಮಕಾಲ ಹೇಳುತ್ತಿದ್ದರು. ಪ್ರಿಂಟ್ ಹೊರಬಂತು. ಶರಾವತಿಗೆ ಎಂಟನೇ ಮನೆಯಲ್ಲಿ ಕುಜ. ಕುಜದೋಷದ ಹೆಣ್ಣಿಗೆ ಗಂಡ ಉಳಿಯುವುದಿಲ್ಲವೆಂದು ನಂಬುವ ಜನ. ಸೀತಮ್ಮ ಹಾಳೆ ಮಡಚಿಕೊಂಡು ಭದ್ರಾವತಿ ಬಸ್ಸು ಹತ್ತಿದರು.

"ನನ್ನ ಮಗಳಿಗೆ ಕುಜದೋಷ ಇಲ್ಲ ಕಣೋ. ಇನ್ನೊಂದ್ಸಲ ಹಾಕಿ ನೋಡು," ಎಂದು ಪುಟ್ಟಣ್ಣನವರು ಅಂಗಲಾಚಿದರು.

"ಎಷ್ಟು ಸಲ ಹಾಕಿದ್ರೂ ಅದೇ ಬರೋದು ಅಪ್ಪ. ನಿಮ್ಮ ಕೈಲೆಕ್ಕ ತಪ್ಪಿರುತ್ತೆ."

ಒಂದು ಗುಂಡಿ ಒತ್ತಿದ್ದರೆ ಮುಗಿಯುತ್ತಿತ್ತು, ಸೊಕ್ಕು ಬಿಡಲಿಲ್ಲ. ಮುದುಕರಿಗೆ ತಮ್ಮ ಲೆಕ್ಕದ ಮೇಲೇ ನಂಬಿಕೆ ಹೋಯಿತು. ಆಮೇಲೆ ಅವರು ಯಾರ ಜಾತಕವನ್ನೂ ಮುಟ್ಟಲಿಲ್ಲ.

ಶರಾವತಿ ಅಣ್ಣನ ಯಂತ್ರವನ್ನೇ ನಂಬಿದಳು. ಹುಡುಗ ತಾಯಿಯ ಮಾತು ಮೀರಿ ಒಮ್ಮೆ ಮನೆಗೆ ಬಂದು, ದೋಷಗೀಷ ನಾನು ನೋಡುವುದಿಲ್ಲ, ಮದುವೆಯಾಗೋಣ ಎಂದ. ಅವನ ಮೇಲೆ ಮನಸ್ಸಿತ್ತು, ಅದಕ್ಕೇ ಬೇಡವೆಂದಳು. ಅವನು ಮರುವರ್ಷ ಬೇರೆ ಕಡೆ ಮದುವೆಯಾದ.

ತಪ್ಪು ಸಿಕ್ಕಿದ್ದು ಅದಾದ ಮೇಲೆ. ಒಟ್ಟಿಗೆ ಬಂದ ಇಬ್ಬರು ಗಿರಾಕಿಗಳಿಗೆ ಒಂದೇ ಕುಂಡಲಿ ಬಂದು ಜಗಳವಾದಾಗ ಗುರುಪ್ರಸಾದ ಕೋಡ್ ಬಿಚ್ಚಿ ಕೂತ. ಜನ್ಮವಿವರ ಇಡುವ ಜಾಗವನ್ನು ಎರಡೂ ಥ್ರೆಡ್‌ಗೆ ಸೇರಿ ಒಂದೇ ಮಾಡಿದ್ದ. ಒಂದು ಬರೆದಿಟ್ಟು ಲೆಕ್ಕ ಮುಗಿಸುವಷ್ಟರಲ್ಲಿ ಇನ್ನೊಂದು ಬಂದು ಅದರ ಮೇಲೇ ಬರೆಯುತ್ತಿತ್ತು. ಪಂಕ್ತಿಯಲ್ಲಿ ಅಡುಗೆ ಒಂದೇ ಆದರೂ ಎಲೆ ಬೇರೆಬೇರೆ ಎಂದು ತಿಳಿದ ಮನೆತನದವನು ಇಬ್ಬರಿಗೂ ಒಂದೇ ಎಲೆ ಹಾಕಿದ್ದ. ಹೆಸರು ಒಂದೇ ಇದ್ದರೂ ಪ್ರತಿ ಥ್ರೆಡ್‌ಗೂ ತನ್ನದೇ ಜಾಗ ಸಿಗುವಂತೆ ಮಾಡುವ ಸೌಲಭ್ಯ ಆ ಭಾಷೆಯ ಜೊತೆಗೇ ಬರುವ ಸಿದ್ಧ ಕೋಡಿನ ಲೈಬ್ರರಿಯಲ್ಲೇ ಇತ್ತು. ಅದನ್ನು ಹಾಕಿ ಸರಿಮಾಡಿದ. ತಂಗಿಯ ಜನ್ಮಕಾಲ ಕೊಟ್ಟು ನೋಡಿದ. ಕುಜ ಮೂರನೇ ಮನೆಯಲ್ಲಿದ್ದ, ದೋಷವಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮನೆಗೆ ಓಡಿಬಂದು ಹೇಳಿದ. ಅಪ್ಪ ಕಣ್ಣೊರೆಸಿಕೊಂಡರು. ಶರಾವತಿ ಅಕ್ಕಿ ಆರಿಸುತ್ತಿದ್ದಳು.

"ತಪ್ಪು ನಂದು. ಈಗ ಸರಿ ಮಾಡಿದ್ದೀನಿ. ತೀರ್ಥಹಳ್ಳಿಯವರು ಅವರ ಹುಡುಗನಿಗೆ ನಿನ್ನನ್ನ ಕೇಳ್ತಿದ್ದಾರಲ್ಲ, ಹೂಂ ಅನ್ನು ಶರಾವತಿ."

ಅವಳು ಮೊರ ಕೆಳಗಿಟ್ಟಳು. "ಆಗಲೂ ಸರಿ ಇದೆ ಅಂದೆ ಅಣ್ಣ. ಈಗಲೂ ಸರಿ ಇದೆ ಅಂತೀಯ. ನಾಳೆ ಆ ಮನುಷ್ಯ ಸತ್ರೆ ಇನ್ನೊಂದ್ಸಲ ಸರಿ ಮಾಡ್ತೀಯಾ?"

ತೀರ್ಥಹಳ್ಳಿಯವರಿಗೆ ಬೇಡವೆಂದು ಹೇಳಿ ಬರುವ ಕೆಲಸ ಗುರುಪ್ರಸಾದನಿಗೇ ಬಂತು.