ನಲ್ಲೂರಿನಿಂದ ಬಂದ ಹಾಳೆ

ಯರ್ರಿಸ್ವಾಮಿ ಹುಟ್ಟಿದ್ದು ಜಗಳೂರಿನ ಹತ್ತಿರದ ಒಂದು ಹಳ್ಳಿಯಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಹಿಂಡುಗಳು ಕಲೆತುಹೋದಾಗ ಯಾವುದು ಯಾರ ಕುರಿಯೆಂದು ತಿಳಿಯಲು ಬೆನ್ನ ಮೇಲೆ ಬಣ್ಣದ ಗುರುತು ಹಾಕುತ್ತಾರಲ್ಲ, ಚಿಕ್ಕಂದಿನಲ್ಲಿ ಆ ಕೆಲಸ ಅವನ ಪಾಲಿಗೆ ಬಂದಿತ್ತು. ಉಳಿದವರು ಒಂದು ಗೆರೆ ಎಳೆದು ಮುಗಿಸಿದರೆ ಇವನು ಹೂವು, ಚಂದ್ರ, ಚೇಳು ಎಲ್ಲ ಬರೆಯುತ್ತಿದ್ದ. “ಸಂತೇಲಿ ಜನ ನಗ್ತಾರಲೋ” ಎಂದು ಅಪ್ಪ ಬೈದರೂ ಬಿಡಲಿಲ್ಲ. ದೊಡ್ಡವನಾದ ಮೇಲೆ ದಾವಣಗೆರೆಯಲ್ಲಿ ಸಿನಿಮಾ ಬ್ಯಾನರ್ ಬರೆಯುವವರ ಬಳಿ ಕೆಲಸ ಕಲಿತು, ಎಪ್ಪತ್ತರ ದಶಕದ ಆರಂಭದಲ್ಲಿ ಚನ್ನಗಿರಿಗೆ ಬಂದು ಬಸ್ ನಿಲ್ದಾಣದ ಎದುರು ಸ್ವಂತ ಅಂಗಡಿ ಇಟ್ಟ. ಅಡಿಕೆ ಮಂಡಿಗಳ ಬೋರ್ಡು, ಲಾರಿಗಳ ನಂಬರ್ ಪ್ಲೇಟು, ಚುನಾವಣೆ ಬಂದರೆ ಗೋಡೆ ಬರಹ. ಕೈತುಂಬ ಕೆಲಸವಿತ್ತು.

ಬಯಲುಸೀಮೆಯಿಂದ ಬಂದವನಿಗೆ ಅಡಿಕೆಯ ವಿಷಯವೆಲ್ಲ ಹೊಸದು. ಹತ್ತು ವರ್ಷ ಕಳೆದರೂ ಕೇಳುವುದು ಮುಗಿದಿರಲಿಲ್ಲ. ಬೋರ್ಡು ಬರೆಸಲು ಬಂದ ಮಂಡಿ ಸಾಹುಕಾರರನ್ನು ಕೂರಿಸಿಕೊಂಡು, ಅಡಿಕೆಯನ್ನು ಯಾಕೆ ಬೇಯಿಸುತ್ತಾರೆ, ಬೇಯಿಸಿದ ನೀರು ಯಾಕೆ ಅಷ್ಟು ಕೆಂಪಾಗುತ್ತದೆ ಎಂದು ಕೇಳುತ್ತಿದ್ದ. ಊಟದ ಬುತ್ತಿ ತಂದ ಹೆಂಡತಿ ಲಕ್ಷ್ಮಮ್ಮ, “ಮೊದ್ಲು ಅವರ ಬೋರ್ಡು ಬರೆದು ಕಳಿಸ್ರಿ” ಎಂದು ಗದರಬೇಕಾಗುತ್ತಿತ್ತು.

ಸಾವಿರದ ಒಂಬೈನೂರ ಎಂಬತ್ತಮೂರರ ಮಕ್ಕಳ ದಿನಾಚರಣೆಗೆ ಊರಿನಲ್ಲಿ ಒಂದು ಚಿತ್ರ ಸ್ಪರ್ಧೆ ಏರ್ಪಾಟಾಯಿತು. ಏರ್ಪಾಟು ಮಾಡಿದವರು ಊರಿನ ನೈರ್ಮಲ್ಯ ನೋಡಿಕೊಳ್ಳುತ್ತಿದ್ದ ಹೆಲ್ತ್ ಇನ್ಸ್‌ಪೆಕ್ಟರ್ ಷಣ್ಮುಖಪ್ಪನವರು. ಆ ಕಾಲಕ್ಕೆ ಊರಿನ ದೊಡ್ಡ ಕಸವೆಂದರೆ ಅಡಿಕೆ ಸಿಪ್ಪೆ. ಕೊಯ್ಲು ಶುರುವಾದರೆ ಸುಲಿದ ಸಿಪ್ಪೆಯನ್ನು ಗಾಡಿಯಲ್ಲಿ ತಂದು ರಸ್ತೆ ಬದಿಗೆ ಸುರಿದು ಹೋಗುತ್ತಿದ್ದರು. ಮಳೆ ಬಿದ್ದರೆ ಕೊಳೆತು ನಾತ, ಒಣಗಿದರೆ ಯಾರೋ ಬೆಂಕಿ ಹಚ್ಚಿ ವಾರಗಟ್ಟಲೆ ಹೊಗೆ. ದೊಡ್ಡವರಿಗೆ ಹೇಳಿ ಹೇಳಿ ಸಾಕಾಗಿದ್ದ ಷಣ್ಮುಖಪ್ಪನವರು ಮಕ್ಕಳ ಕೈಯಲ್ಲಿ ಚಿತ್ರ ಬರೆಸಿ ಮಂಡಿ ಬೀದಿಯಲ್ಲೇ ತೂಗುಹಾಕಬೇಕೆಂದು ಯೋಚಿಸಿದ್ದರು. ವಿಷಯ: ‘ನಮ್ಮ ಊರಿನ ಕಸ, ಅದರಿಂದ ಏನು ಮಾಡಬಹುದು?’ ತೀರ್ಪುಗಾರನಾಗಲು ಯರ್ರಿಸ್ವಾಮಿಯನ್ನು ಕರೆದರು. ಅವನು ಹಿಂದೆಮುಂದೆ ನೋಡಿದ. ತಾನೇ ಯಾವ ಸ್ಪರ್ಧೆಯಲ್ಲೂ ಕೂತವನಲ್ಲ. ಆದರೆ ಮಕ್ಕಳು ಏನು ಬರೆಯಬಹುದೆಂಬ ಕುತೂಹಲ ಗೆದ್ದಿತು.

ಸ್ಪರ್ಧೆಯ ದಿನ ಶಾಲೆಯ ಅಂಗಳದಲ್ಲಿ ಮಕ್ಕಳು ಸಾಲಾಗಿ ಕೂತಿದ್ದರು. ಮುಕ್ಕಾಲು ಪಾಲು ಚಿತ್ರಗಳಲ್ಲಿ ಪೊರಕೆ ಹಿಡಿದ ಹೆಂಗಸು, ಪಕ್ಕಕ್ಕೊಂದು ಕಸದ ತೊಟ್ಟಿ, ಮೇಲೆ ನಗುವ ಸೂರ್ಯ. ಯರ್ರಿಸ್ವಾಮಿ ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದವನು ಕೊನೆಯ ಸಾಲಿನಲ್ಲಿ ನಿಂತುಬಿಟ್ಟ. ನಲ್ಲೂರಿನಿಂದ ಬಸ್ಸಿನಲ್ಲಿ ಶಾಲೆಗೆ ಬರುವ ನೀಲಮ್ಮ ಎಂಬ ಐದನೇ ಕ್ಲಾಸಿನ ಹುಡುಗಿ ಕಾಗದದ ಮೇಲಲ್ಲ, ಅಡಿಕೆ ಮರದಿಂದ ಉದುರುವ ಹಾಳೆಯ ಮೇಲೆ ಬರೆಯುತ್ತಿದ್ದಳು! ಮೊರದಗಲದ ಹಾಳೆ, ಪೀಠದಂತೆ ಸಪಾಟು. ಮುಂದೆ ತೆಂಗಿನ ಚಿಪ್ಪುಗಳಲ್ಲಿ ಇದ್ದಿಲ ಪುಡಿ, ಸುಣ್ಣ, ಕೆಮ್ಮಣ್ಣು, ಅಡಿಕೆ ಬೇಯಿಸಿದ ಕೆಂಪು ಚೊಗರು. ಚಿತ್ರದಲ್ಲಿ ಹೊಗೆಯಾಡುವ ಸಿಪ್ಪೆಯ ಗುಡ್ಡ, ಮೂಗಿಗೆ ಸೆರಗು ಹಿಡಿದ ಜನ. ಒಂದು ಮೂಲೆಯಲ್ಲಿ ಒಬ್ಬಳು ಹೆಂಗಸು ಬುಟ್ಟಿಯಲ್ಲಿ ಸಿಪ್ಪೆ ಹೊತ್ತು ಗುಂಡಿಯೊಂದರ ಕಡೆ ನಡೆದಿದ್ದಳು.

ಷಣ್ಮುಖಪ್ಪನವರೂ ಬಂದು ನೋಡಿದರು. “ಏನವ್ವಾ ಇದು? ಕಾಗದ ತರಾಕೆ ಹೇಳಿತ್ತಲ್ಲ?”

“ಹಾಳೆ ತರ್ರಿ ಅಂತ ಬೋರ್ಡಿನಾಗೆ ಬರೆದಿತ್ತು ಸಾರ್. ಅವ್ವಂಗೆ ಹೇಳ್ದೆ. ಮರುದಿನ ನಾನು ಸಾಲೆಯಿಂದ ಮನೆಗೆ ಹೋಗೋದ್ರೊಳಗೆ ಅವ್ವ ತೋಟದ್ದು ತಂದು ನೆನೆ ಹಾಕಿಬಿಟ್ಟಿದ್ಲು.”

ಸುತ್ತಲಿನ ಮಕ್ಕಳು ಗೊಳ್ಳೆಂದರು. ನೀಲಮ್ಮ ತಲೆ ಎತ್ತದೆ ಸುಣ್ಣದಲ್ಲಿ ಬೆರಳದ್ದಿದಳು. ಷಣ್ಮುಖಪ್ಪನವರಿಗೆ ನಗು ಬಂದರೂ, ಎಲ್ಲರಿಗೂ ಒಂದೇ ಅಳತೆಯ ಕಾಗದವಿರುವಾಗ ಇದೊಂದನ್ನು ಸೇರಿಸಿಕೊಂಡರೆ ಉಳಿದವರ ಮನೆಯವರು ಕೇಳುತ್ತಾರೆ ಎಂಬ ಅಳುಕು. “ಇದನ್ನ ಬ್ಯಾರೆ ಇಡ್ರಿ, ಭಾನುವಾರದೊಳಗೆ ಯೋಚನೆ ಮಾಡಾಣ” ಎಂದರು. ಬಹುಮಾನ ಹಂಚುವುದು ಭಾನುವಾರವಿತ್ತು.

ಯರ್ರಿಸ್ವಾಮಿ ಆ ಹಾಳೆಯನ್ನು ಕೇಳಿ ಮನೆಗೆ ಒಯ್ದ. ಬಣ್ಣ ಹೇಗೆ ಹಿಡಿದಿದೆ ಎಂದು ಉಗುರಿನಿಂದ ಕೆರೆದು ನೋಡಿದ, ಮೂಸಿದ. ತಾನೂ ಎಲ್ಲಿಂದಲೋ ಒಂದು ಒಣ ಹಾಳೆ ತಂದು ಅಂಗಡಿಯ ಪೇಂಟಿನಲ್ಲಿ ನಾಲ್ಕು ಅಕ್ಷರ ಬರೆದ. ಬೆಳಗಾಗುವಷ್ಟರಲ್ಲಿ ಅದು ಸುರುಳಿ ಸುತ್ತಿಕೊಂಡು, ಪೇಂಟು ಸಿಪ್ಪೆಯೆದ್ದು ಉದುರಿತ್ತು. ಹುಡುಗಿಯ ಹಾಳೆ ಮಾತ್ರ ಹಿತ್ತಲ ಬಾಗಿಲಿನ ಬಳಿ ನೆಟ್ಟಗೆ ನಿಂತಿತ್ತು.

ಶುಕ್ರವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಅದು ಅಲ್ಲಿರಲಿಲ್ಲ.

“ಲಕ್ಷ್ಮೀ, ಇಲ್ಲಿದ್ದ ಹಾಳೆ ಎಲ್ಲೈತೆ?”

“ಯಾವ್ದು, ಒಲೆ ಬೂದಿ ತುಂಬಿ ಚೆಲ್ಲಿದ್ನಲ್ಲ, ಅದಾ? ಹಿತ್ತಲಾಗೈತೆ ನೋಡ್ರಿ. ಮೊರಕ್ಕಿಂತ ಚಲೋ ಐತೆ.”

ಅವನು ಓಡಿದ. ತಿಪ್ಪೆಯ ಪಕ್ಕ ಹಾಳೆ ಬಿದ್ದಿತ್ತು. ಬೂದಿ ಮೆತ್ತಿ ಜನರ ಮುಖಗಳು ಅಳಿಸಿಹೋಗಿದ್ದವು. ಗುಡ್ಡದ ಮೇಲಿನ ಹೊಗೆ ಚಿತ್ರದುದ್ದಕ್ಕೂ ಹರಡಿತ್ತು. ವಿಷಯ ತಿಳಿದ ಲಕ್ಷ್ಮಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. “ಮಣ್ಣು ಮೆತ್ತೈತೆ ಅಂದ್ಕಂಡೆ. ಹಾಳೇಲಿ ಕಸ ಬಳಿಯೋದು ಬಿಟ್ಟು ಚಿತ್ರ ಬರೀತಾರೆ ಅಂತ ನಂಗೇನು ಗೊತ್ತ್ರೀ?” ಎಂದಳು. ಅವಳನ್ನು ಬೈಯಲು ಅವನಿಗೆ ಬಾಯಿ ಬರಲಿಲ್ಲ. ಮೊದಲ ಸಲ ನೋಡಿದಾಗ ತನಗೂ ಹಾಗೇ ಅನಿಸಿತ್ತಲ್ಲ.

ಶನಿವಾರ ಅಂಗಡಿ ಮುಚ್ಚಿ, ಹಾಳೆಯನ್ನು ಪಂಚೆಯಲ್ಲಿ ಸುತ್ತಿಕೊಂಡು ನಲ್ಲೂರಿನ ಬಸ್ಸು ಹತ್ತಿದ. ಮಗುವಿಗೆ ಏನು ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸುತ್ತ ಕೂತ. ನೀಲಮ್ಮನ ಮನೆಯಲ್ಲಿ ಅವಳ ತಾಯಿ ಉಚ್ಚಂಗೆಮ್ಮ ಅಡಿಕೆ ಸುಲಿಯುತ್ತಿದ್ದಳು. ಅವನು ಹಾಳೆಗೆ ಸುತ್ತಿದ್ದ ಪಂಚೆ ಬಿಚ್ಚಿ, ಆದದ್ದನ್ನು ಆದಂತೆ ಹೇಳಿದ. ನೀಲಮ್ಮ ಚಿತ್ರವನ್ನು ತಿರುಗಿಸಿ ನೋಡಿದಳು. ಹೊಗೆಯ ಮೇಲೆ ಬೆರಳಾಡಿಸಿದಳು. ಆಮೇಲೆ, “ಈಗ ನಿಜವಾದ ಹೊಗೆ ಥರಾನೇ ಕಾಣ್ತೈತೆ” ಎಂದಳು.

ಉಚ್ಚಂಗೆಮ್ಮನಿಗೆ ಎಲ್ಲಿಲ್ಲದ ನಗು. “ಇದಕ್ಕೆ ಅಲ್ಲಿಂದ ಬಂದ್ರಾ? ತೋಟದಾಗೆ ಬೇಕಾದಷ್ಟು ಬಿದ್ದಾವೆ, ಇನ್ನೊಂದು ಬರೀತಾಳೆ ಬಿಡ್ರಿ.”

ಕುಡಿಯಲು ಮಜ್ಜಿಗೆ ಬಂತು. ಯರ್ರಿಸ್ವಾಮಿಯ ಪ್ರಶ್ನೆಗಳೂ ಶುರುವಾದವು. ಹಾಳೆ ಸುರುಳಿಯಾಗದಂತೆ ಏನು ಮಾಡಿದಿರಿ? ಆಗ ತಾನೇ ಬಿದ್ದ ಹಾಳೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ರುಬ್ಬುವ ಕಲ್ಲು ಹೇರಿ, ನೆರಳಲ್ಲಿ ಒಣಗಿಸಿದ್ದಂತೆ. ಕೆಮ್ಮಣ್ಣು ಉದುರಲಿಲ್ಲವಲ್ಲ, ಯಾಕೆ? ಅದು ತಾಯಿ ಮಗಳು ಇಬ್ಬರಿಗೂ ತಿಳಿಯದು. ಚೊಗರು ಅಂಟಾಗಿರುತ್ತದಲ್ಲ, ಅದಕ್ಕಿರಬಹುದು ಎಂದು ಮೂವರೂ ಊಹಿಸಿದರು. ಚಿತ್ರದ ಮೂಲೆಯಲ್ಲಿದ್ದ ಗುಂಡಿ ಎಲ್ಲಿಯದು ಎಂದು ಕೇಳಿದಾಗ ನೀಲಮ್ಮ ಅವನನ್ನು ಹಿತ್ತಲಿಗೆ ಕರೆದೊಯ್ದಳು. ಸೊಂಟದಾಳದ ಗುಂಡಿಯಲ್ಲಿ ಸಿಪ್ಪೆ, ಸಗಣಿ, ಮಣ್ಣು ಪದರಪದರವಾಗಿ ಬಿದ್ದಿದ್ದವು. ಪಕ್ಕದ ಹಳೆಯ ಗುಂಡಿಯಿಂದ ಒಂದು ಹಿಡಿ ತೆಗೆದು ತೋರಿಸಿದಳು. ಕಪ್ಪು ಮಣ್ಣು, ಮಳೆ ಬಿದ್ದ ನೆಲದ ವಾಸನೆ. ಅದು ಸಿಪ್ಪೆಯೆಂದು ಯಾರೂ ಹೇಳುವಂತಿರಲಿಲ್ಲ.

“ಹಿಂಗಾಗಾಕೆ ಎಷ್ಟು ದಿನ ಬೇಕು?”

“ಭಾಳ ದಿನ ಬೇಕು” ಎಂದಳು ಉಚ್ಚಂಗೆಮ್ಮ. “ಅದಕ್ಕೇ ಯಾರೂ ಕಾಯಲ್ಲ, ಬೆಂಕಿ ಇಕ್ತಾರೆ.”

ಭಾನುವಾರ ಬೆಳಿಗ್ಗೆ ಅವನು ಶಾಲೆಗೆ ಹೋಗಿ ಷಣ್ಮುಖಪ್ಪನವರ ಮುಂದೆ ಬೂದಿ ಮೆತ್ತಿದ ಹಾಳೆಯನ್ನಿಟ್ಟು ನಡೆದುದೆಲ್ಲ ಹೇಳಿದ. ಹೊಸದೊಂದು ಬರೆಸಿಕೊಂಡು ಬರಲೇ ಎಂದೂ ಕೇಳಿದ.

“ಬ್ಯಾಡ. ಆವತ್ತು ಕೂತು ಬರೆದಿದ್ದು ಇದೇ ತಾನೆ?” ಷಣ್ಮುಖಪ್ಪನವರು ತಾವೇ ಬರೆಸಿದ್ದ ಬೋರ್ಡಿನ ಕಡೆ ನೋಡಿ ನಕ್ಕರು. “ಹಾಳೆ ತರ್ರಿ ಅಂತ ಹೇಳಿದ್ದು ನಾವೇ. ತಂದೈತೆ ಮಗು. ಯಾರಾರ ಕೇಳಿದ್ರೆ ನಾನು ಹೇಳ್ತೀನಿ.”

ಮೊದಲ ಬಹುಮಾನ ಹಳೆ ಸೀರೆಯಿಂದ ಕೌದಿ ಹೊಲಿಯುವ ಅಜ್ಜಿಯ ಚಿತ್ರಕ್ಕೆ ಹೋಯಿತು. ಅದು ಬಹಳ ಚೆನ್ನಾಗಿತ್ತು, ಯರ್ರಿಸ್ವಾಮಿಗೆ ಅದರಲ್ಲಿ ಸಂಶಯವಿರಲಿಲ್ಲ. ನೀಲಮ್ಮನಿಗೆ ಎರಡನೆಯದು. ಆದರೆ ಮಂಡಿ ಬೀದಿಯಲ್ಲಿ ಚಿತ್ರಗಳನ್ನು ತೂಗುಹಾಕಿದಾಗ ಜನ ಹೆಚ್ಚು ಹೊತ್ತು ನಿಂತದ್ದು ಹಾಳೆಯ ಮುಂದೆ. ಒಬ್ಬ ವ್ಯಾಪಾರಿ ಹೊಗೆಯನ್ನು ಮುಟ್ಟಿ ನೋಡಿ, “ಎಷ್ಟು ಚೆಂದ ಬರೆದೀಯವ್ವಾ” ಎಂದರೆ ನೀಲಮ್ಮ, “ಅದು ನಾನಲ್ಲ, ಇವರ ಮನೇಲಿ ಬೂದಿ ಬಳಿದಿದ್ದು” ಎಂದು ಯರ್ರಿಸ್ವಾಮಿಯತ್ತ ಬೆರಳು ತೋರಿಸಿದಳು. ಅವನು ನಾಚಿ ಲಕ್ಷ್ಮಮ್ಮನ ಹಿಂದೆ ಸರಿದ.

ಷಣ್ಮುಖಪ್ಪನವರು ನಲ್ಲೂರಿಗೆ ಹೋಗಿ ಗುಂಡಿ ನೋಡಿ ಬಂದರು. ಮರುವರ್ಷ ಊರ ಹೊರಗೆ ಅಂಥವೇ ಗುಂಡಿಗಳನ್ನು ತೆಗೆಸಿದರು. ಕೆಲವರು ಸಿಪ್ಪೆ ಅಲ್ಲಿಗೆ ಸಾಗಿಸಿದರು, ಕೆಲವರು ಮೊದಲಿನಂತೆ ರಸ್ತೆಗೇ ಸುರಿದರು. ಹೊಗೆ ಕಡಿಮೆಯಾಯಿತು, ಪೂರಾ ನಿಲ್ಲಲಿಲ್ಲ. ಮುಂದಿನ ಸ್ಪರ್ಧೆಗೆ ಅರ್ಧ ಮಕ್ಕಳು ಅಡಿಕೆ ಹಾಳೆಯನ್ನೇ ತಂದರು. ನೀಲಮ್ಮ ಮಾತ್ರ ಬರಲಿಲ್ಲ. ಅಷ್ಟರಲ್ಲಿ ಅವಳಿಗೆ ಖೋಖೋ ಹುಚ್ಚು ಹಿಡಿದಿತ್ತು.

ಸುದ್ದಿ ಹಬ್ಬಿ ಹೊನ್ನಾಳಿ, ನ್ಯಾಮತಿಗಳ ಶಾಲೆಗಳಿಂದಲೂ ಯರ್ರಿಸ್ವಾಮಿಗೆ ಕರೆ ಬಂತು. ಎಂಬತ್ತೇಳರಲ್ಲಿ ಜಗಳೂರಿನವರೂ ಕರೆದರು. ಅಲ್ಲಿ ಅಡಿಕೆಯೇ ಇಲ್ಲ, ಮಕ್ಕಳು ಏನು ತರುತ್ತಾರೋ ಎಂದು ಯೋಚಿಸುತ್ತ ಹೋದ. ಶಾಲೆಯ ಜಗಲಿಯ ಮೇಲೆ ಹರಿದ ಗೋಣಿಚೀಲಗಳು ಹಾಸಿದ್ದವು. ಅವುಗಳ ಮೇಲೆ ಶೇಂಗಾ ಸಿಪ್ಪೆ, ಮೆಕ್ಕೆಜೋಳದ ಒಣ ಸಿಪ್ಪೆ, ಕತ್ತರಿಸಿ ಎಸೆದ ಕುರಿ ಉಣ್ಣೆ. ಎಲ್ಲ ಸೇರಿ ಒಂದು ಊರು ಎದ್ದಿತ್ತು: ಶೇಂಗಾ ಸಿಪ್ಪೆಯ ಗೋಡೆಗಳು, ಉಣ್ಣೆಯ ಮೋಡ.

“ಶೇಂಗಾ ಸಿಪ್ಪೆ ಉದುರಂಗಿಲ್ಲಲ್ಲ, ಯಾತರಾಗೆ ಅಂಟಿಸಿದ್ರಿ?” ಎಂದು ಅವನು ಬಗ್ಗಿ ಕೇಳಿದ.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಮೈದಾ ಎಂದಳು, ಇನ್ನೊಬ್ಬಳು ಜಾಲಿ ಮರದ ಗೋಂದು ಎಂದಳು. ಇಬ್ಬರಿಗೂ ಜಗಳ ಹತ್ತಿತು. ಯರ್ರಿಸ್ವಾಮಿ ಚಪ್ಪಲಿ ಬಿಟ್ಟು ಅವರ ನಡುವೆ ಕೂತು, ಎರಡನ್ನೂ ಕಲಸಿ ತೋರಿಸಲು ಹೇಳಿದ. ಆ ದಿನ ಅವನಿಗೆ ಚನ್ನಗಿರಿಯ ಬಸ್ಸು ತಪ್ಪಿತು. ತಾನು ಹುಟ್ಟಿದ ಹಳ್ಳಿಯಲ್ಲಿದ್ದ ಅಣ್ಣನ ಮನೆಗೆ ಹೋಗಿ ಉಳಿದುಕೊಂಡ.