ಸತ್ಯದ ವಾರ

ಗಲ್ಫಿನಲ್ಲಿ ನಾವಿದ್ದ ಡಿಸ್ಕವರಿ ಗಾರ್ಡನ್ಸ್‌ಗೆ ಆಗಿನ್ನೂ ಮೆಟ್ರೊ ಬಂದಿರಲಿಲ್ಲ. ಅಪ್ಪಂದಿರು ಕಂಪನಿ ಬಸ್ಸಿನಲ್ಲಿ ಜೆಬೆಲ್ ಅಲಿಗೆ ಹೋಗುತ್ತಿದ್ದ ಆ ದಿನಗಳಲ್ಲಿ ಒಂದು ಫ್ಲ್ಯಾಟಿನಲ್ಲಿ ಎರಡು ಸಂಸಾರ ಇರುವುದು ಮಾಮೂಲಿ. ಹಾಲ್‌ನಲ್ಲಿ ಗದಗಿನ ನಾವು, ಬೆಡ್‌ರೂಮಿನಲ್ಲಿ ಉಳ್ಳಾಲದ ಸಫಿಯಾ, ಅವಳ ಉಮ್ಮ, ಅಪ್ಪ. ಅವ್ವನ ಜೋಳದ ರೊಟ್ಟಿ ಇಳಿದ ಒಲೆಯ ಮೇಲೆಯೇ ಅವರ ಅಕ್ಕಿ ಪತ್ತಿರ್ ಏರುತ್ತಿತ್ತು. ಒಂಬತ್ತು ವರ್ಷದ ನಾನೂ ಸಫಿಯಾಳೂ ಎರಡನ್ನೂ ತಿಂದು ಕಾರಿಡಾರಿನಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದೆವು.

ಹಾಗೆ ಹಂಚಿಕೊಂಡಿರಲು ಅನುಮತಿ ಇರಲಿಲ್ಲ. ಬಿಲ್ಡಿಂಗಿನ ಕಾವಲುಗಾರನನ್ನು ಎಲ್ಲರೂ ನಾತೂರ್ ಎನ್ನುತ್ತಿದ್ದರು. "ನಾತೂರ್ ಕೇಳಿದ್ರ, ಗೆಸ್ಟ್ ಬಂದಾರ ಅನ್ನು," ಎಂದು ಅವ್ವ ಕಲಿಸಿದ್ದಳು. ಸಫಿಯಾ ಎರಡು ವರ್ಷದಿಂದ ಗೆಸ್ಟ್ ಆಗಿದ್ದಳು.

ಆ ಚಳಿಗಾಲ ಮೇಲಿನ ಮಹಡಿಯ ಧಾರವಾಡದ ಸುಮಿತ್ರಾ ಟೀಚರ್ ಶುಕ್ರವಾರ ಬೆಳಿಗ್ಗೆ ಮಕ್ಕಳಿಗೆ ಯೋಗ ಕಲಿಸತೊಡಗಿದರು. ನನಗೆ ಬೇಕಿದ್ದದ್ದು ಶೀರ್ಷಾಸನ. ಅವರು ಮೊದಲು ಯಮ ನಿಯಮ, ಆಮೇಲೆ ಆಸನ ಎಂದರು. ವಾರಕ್ಕೊಂದು. ಮೊದಲ ವಾರ ಅಹಿಂಸೆ. ಜ್ವರ ಬಂದು ನಾನು ಹೋಗಲಿಲ್ಲ. ಎರಡನೆಯದು ಸತ್ಯ.

"ಏಳು ದಿನ ಒಂದೂ ಸುಳ್ಳು ಹೇಳಬ್ಯಾಡ್ರಿ. ಗೆದ್ದವರಿಗೆ ಶೀರ್ಷಾಸನ ಮೊದಲ."

ನಾಲ್ಕನೆಯ ದಿನ ಲಿಫ್ಟಿನಲ್ಲಿ ನಾತೂರ್ ಕೇಳಿದ: "ಗೆಸ್ಟ್ ಅಭೀ ಗಯಾ ನಹೀ?"

"ನೋ, ದೇ ಲಿವ್ ವಿತ್ ಅಸ್," ಎಂದೆ. ಏನು ಜಂಬ ನನಗೆ! ನಾತೂರನಿಗೆ ಎಲ್ಲ ಮೊದಲೇ ಗೊತ್ತಿತ್ತು. ಪಕ್ಕದಲ್ಲಿ ಬಿಲ್ಡಿಂಗಿನ ಮ್ಯಾನೇಜರ್ ನಿಂತಿದ್ದನೆಂದು ಸುಮ್ಮನೆ ಕೇಳಿದ್ದ. ಅವನ ಮುಖ ಇಳಿದುಹೋಯಿತು.

ಹತ್ತು ದಿನದಲ್ಲಿ ಸಫಿಯಾಳ ಮನೆಯವರು ಖಾಲಿ ಮಾಡಬೇಕಾಯಿತು. ಬೇರೆ ರೂಮು ಸಿಗಲಿಲ್ಲ. ಸಫಿಯಾಳ ಅಪ್ಪ ಗೆಳೆಯರ ರೂಮು ಸೇರಿ, ಉಮ್ಮನನ್ನೂ ಅವಳನ್ನೂ ಊರಿಗೆ ಕಳಿಸಿದರು.

"ನೀನು ಯಾಕೆ ಹೇಳಿದ್ದು ಮಾರಾಯ್ತಿ? ನಾನು ನಿಂಗೆ ಎಂತ ಮಾಡಿದ್ದೆ?" ಎಂದಳು ಸಫಿಯಾ, ಸೂಟ್‌ಕೇಸಿನ ಮೇಲೆ ಕೂತು.

ಅಳುತ್ತಾ ಟೀಚರ್ ಹತ್ತಿರ ಹೋದೆ. ಅವರು ಪಕ್ಕದಲ್ಲಿ ಕೂರಿಸಿಕೊಂಡರು. "ಅಹಿಂಸಾ ಮೊದಲ ಇಟ್ಟಾರವ್ವ, ಸತ್ಯ ಆಮ್ಯಾಲೆ. ನೀ ಮೊದಲನೇ ವಾರ ಬಂದಿರಲಿಲ್ಲ. ಅದನ್ನ ನಾ ನೆನಪಿಡಬೇಕಿತ್ತು. ತಪ್ಪು ನಂದು."

ಎಲ್ಲರಿಗಿಂತ ಮೊದಲು ನನಗೇ ಶೀರ್ಷಾಸನ ಬಂತು. ನೋಡಲು ಸಫಿಯಾ ಇರಲಿಲ್ಲ.

ಈಗ ಅಲ್ಲಿಗೆ ಮೆಟ್ರೊ ಬಂದಿದೆ. ನನ್ನ ಮನೆಯ ಒಲೆಗೆ ನಾಲ್ಕು ಬರ್ನರ್, ಸರದಿಗೆ ಕಾಯುವವರು ಯಾರೂ ಇಲ್ಲ. ಪತ್ತಿರ್ ಮಾಡಲು ಕಲಿತಿದ್ದೇನೆ, ಉಮ್ಮನ ಕೈರುಚಿ ಬಂದಿಲ್ಲ. ಸಫಿಯಾ ಎಲ್ಲಿದ್ದಾಳೋ ತಿಳಿಯದು. ನಾನು ನಿಂಗೆ ಎಂತ ಮಾಡಿದ್ದೆ ಎಂದಳಲ್ಲ, ಏನೂ ಮಾಡಿರಲಿಲ್ಲ ಅವಳು. ಆ ದಿನ ನಾನು ಹೇಳಲೇಬೇಕಿದ್ದ ಸತ್ಯ ಅದೊಂದೇ. ಅದನ್ನು ಹೇಳಲಿಲ್ಲ.