ಸಂಪಿನ ಮೇಲೆ ಜಾಕ್

ಈ ಕತೆಯನ್ನು ನಾನು ಹೇಳಿದಾಗಲೆಲ್ಲ ನನ್ನ ಎಡಗೈ ಕಾರಿನ ಕೆಳಗಿರುತ್ತದೆ. ಜಾಕ್ ಕುಸಿಯುವ ಕ್ಷಣಕ್ಕೆ ಸರಿಯಾಗಿ ಎಳೆದುಕೊಳ್ಳುತ್ತೇನೆ. ಕೇಳುವವರು ಉಸಿರು ಬಿಗಿಹಿಡಿಯುತ್ತಾರೆ. ನಿಜದಲ್ಲಿ ನಾನು ಮೂರಡಿ ದೂರ ನಿಂತು ಕಾಫಿ ಕುಡಿಯುತ್ತಿದ್ದೆ. ಲೋಟ ಸ್ಟೀಲಿನದೋ ಗಾಜಿನದೋ ನೆನಪಿಲ್ಲ. ಗಾಜಿನದು ಎಂದು ಬರೆದರೆ ಅದು ಒಡೆಯಲೇಬೇಕಾಗುತ್ತದೆ. ಸ್ಟೀಲೇ ಇರಲಿ.

ಪದ್ಮನಾಭನಗರದ ಆ ಮನೆಯ ಮೊದಲ ಮಹಡಿಯಲ್ಲಿ ನಾನು ಬಾಡಿಗೆಗಿದ್ದೇನೆ. ಕೆಳಗೆ ಓನರ್ ದಂಪತಿ, ಉತ್ತರಹಳ್ಳಿ ಕಡೆಯ ರೈತ ಮನೆತನದವರು. ಹೊಲಗಳು ಲೇಔಟ್ ಆದ ಮೇಲೆ ಇಲ್ಲಿ ಮನೆ ಕಟ್ಟಿದರು. ಬಾಡಿಗೆ ಕರಾರಿನಲ್ಲಿ ಇಲ್ಲದ ಷರತ್ತೊಂದನ್ನು ಆಂಟಿ ಮೊದಲ ದಿನವೇ ಬಾಯಲ್ಲಿ ಹೇಳಿದ್ದರು.

"ಗಾಡಿ ನಿಲ್ಸ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಇಲ್ಲಿ ಎತ್ತೋದು, ಬಿಚ್ಚೋದು ಏನೂ ಮಾಡಂಗಿಲ್ಲ. ಯಾರ್ಗಾದ್ರೂ ಏನಾದ್ರೂ ಆದ್ರೆ ಜವಾಬ್ದಾರಿ ನಮ್ಮ ತಲೆಗೆ ಬರತ್ತೆ. ಒಂದು ಸ್ಪ್ಯಾನರ್ ಕಂಡ್ರೂ ಗಾಡಿ ರೋಡಿಗೆ."

ನಮ್ಮ ರೋಡಿನಲ್ಲಿ ಸೈಕಲ್ ನಿಲ್ಲಿಸಲೂ ಜಾಗವಿಲ್ಲ. ರೋಡಿಗೆ ಎಂದರೆ ಮಾರಬೇಕು ಎಂದೇ ಅರ್ಥ. ನನ್ನದು ಹದಿನೆಂಟು ವರ್ಷದ ಪುಟ್ಟ ಕೆಂಪು ಕಾರು. ಅದನ್ನು ಬೇರೆ ಯಾರೋ ಓಡಿಸುವುದನ್ನು ಕಲ್ಪಿಸಿಕೊಳ್ಳಲಾರೆ.

ಆದರೆ ಮುಂದಿನ ಬ್ರೇಕ್ ಕಿರ್ರೆನ್ನತೊಡಗಿತ್ತು. ಪ್ಯಾಡ್ ನಾನೇ ಬದಲಾಯಿಸುತ್ತೇನೆ ಎಂದು ಅಂಕಲ್ ಕಿವಿಯಲ್ಲಿ ಪಿಸುಗುಟ್ಟಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಪಂಚೆ ಎತ್ತಿ ಕಟ್ಟಿದರು.

"ಮಂಗಳವಾರ ಅವ್ಳು ಬನಶಂಕರಿ ಗುಡಿಗೆ ನಿಂಬೆಹಣ್ಣಿನ ದೀಪ ಹಚ್ಚೋಕೆ ಹೋಗ್ತಾಳೆ. ಎರಡು ಗಂಟೆ ನಮ್ದೇ ರಾಜ್ಯ ಸಾರ್!"

ನೀರು ಹರಿದುಹೋಗಲೆಂದು ಪಾರ್ಕಿಂಗಿನ ನೆಲವನ್ನು ಇಳಿಜಾರು ಮಾಡಿದ್ದರು. ಜಾಕ್ ಎಲ್ಲಿಟ್ಟರೂ ವಾಲುತ್ತಿತ್ತು. ಸಮತಟ್ಟಾಗಿದ್ದದ್ದು ಒಂದೇ ಜಾಗ, ಸಂಪಿನ ಮುಚ್ಚಳ. ಕೆಳಗೆ ಇಡೀ ಮನೆಯ ನೀರು, ಮೇಲೆ ಒಂದು ಕಡಪ ಕಲ್ಲು, ಕಲ್ಲಿನ ಮೇಲೆ ಚೆಂದಕ್ಕೆ ಅಂಟಿಸಿದ ಟೈಲ್ಸ್. ಅಲ್ಲಿ ಜಾಕ್ ಇಡೋಣ ಎಂದವರು ಅಂಕಲ್. ಅಥವಾ ನಾನು. ಈ ವಾಕ್ಯವನ್ನು ನಾಲ್ಕು ಸಲ ತಿದ್ದಿದೆ, ತಿದ್ದಿದಾಗಲೆಲ್ಲ ತಪ್ಪು ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ. ಕಾರನ್ನು ತಳ್ಳಿ ಅಲ್ಲಿಗೆ ತಂದದ್ದಂತೂ ಇಬ್ಬರೂ ಸೇರಿಯೇ.

ಬುದ್ಧಿವಂತಿಕೆಯ ಕೆಲಸವೆಂದು ಮಾಡಿದ್ದು ಒಂದೇ: ಬಿಚ್ಚಿದ ಚಕ್ರವನ್ನು ಮುಚ್ಚಳದ ಪಕ್ಕಕ್ಕೆ, ಕಾರಿನ ಕೆಳಗೆ ಮಲಗಿಸಿದ್ದೆವು. ಆಮೇಲೆ ಕಾಫಿ. ಎರಡನೇ ಗುಟುಕಿಗೆ ಟಪ್ ಎಂದಿತು. ಕಲ್ಲು ಎರಡು ಹೋಳು. ಜಾಕ್ ಗುಳುಂ ಎಂದು ನೀರಿಗೆ. ಕಾರು ಎಮ್ಮೆ ಕೂತಂತೆ ಚಕ್ರದ ಮೇಲೆ ನಿಧಾನವಾಗಿ ಕೂತಿತು.

"ಅಯ್ಯೋ, ಕುಡಿಯೋ ನೀರು ಸಾರ್!"

"ಅಂಕಲ್, ನೀವೇ ಅಲ್ವಾ ಇಲ್ಲಿಡಿ ಅಂದಿದ್ದು?"

"ನಾನು ಓನರ್ರು, ಇಂಜಿನಿಯರ್ರಾ? ನನ್ನ ಮಾತು ಯಾಕ್ ಕೇಳೋಕೋದ್ರಿ?"

ಅಷ್ಟರಲ್ಲಿ ಗೇಟಿನ ಮುಂದೆ ಆಟೋ ನಿಂತಿತು. ಗುಡಿಯಲ್ಲಿ ಆ ದಿನ ರಶ್ ಇರಲಿಲ್ಲವಂತೆ. ಆಂಟಿ ಬುಟ್ಟಿ ಹಿಡಿದು ಒಳಬಂದರು. ಕಾರು ನೋಡಿದರು. ತೂತು ನೋಡಿದರು.

"ಯಾರು ಮಾಡಿದ್ದು?"

"ನಾನೇ," ಎಂದೆವು ಇಬ್ಬರೂ. ಒಟ್ಟಿಗೇ ಎಂದು ಹೇಳಿಕೊಂಡು ಬಂದಿದ್ದೇನೆ. ಅಂಕಲ್ ಒಂದು ಕ್ಷಣ ಮುಂಚೆ ಹೇಳಿದ್ದರೇನೋ.

"ಕೈಕಾಲು ನೆಟ್ಟಗಿದಾವಾ?"

ಶಾಲೆಯಲ್ಲಿ ಉಗುರು ತೋರಿಸುವ ಮಕ್ಕಳ ಹಾಗೆ ಕೈ ಚಾಚಿದೆವು. ಆಂಟಿ ನಾಲ್ಕೂ ಕೈಗಳನ್ನು ತಿರುವಿ ನೋಡಿದರು. ಅವರ ಮುಖದಲ್ಲಿ ಏನೋ ಸಡಿಲವಾಯಿತು.

"ನಮ್ಮಪ್ಪನ ಮನೇಲಿ ಎತ್ತಿನಗಾಡಿ ಅಚ್ಚಿಗೆ ಎಣ್ಣೆ ಹಾಕೋಕೆ ಗಾಡಿ ಎತ್ತೋವಾಗ ದಿಮ್ಮಿ ಕೊಡ್ತಿದ್ದೋಳು ನಾನು. ಮೊದ್ಲು ನೆಲ ತುಳಿದು ನೋಡ್ತಿದ್ವಿ. ನೀವು ಓದಿದೋರು ಬಾವಿ ಮೇಲೆ ಗಾಡಿ ಎತ್ತಿದೀರಲ್ಲ!" ಎನ್ನುತ್ತಾ ನಗಲು ಶುರುಮಾಡಿದರು. ನಗು ನಿಲ್ಲಲಿಲ್ಲ. ಬುಟ್ಟಿಯನ್ನು ಬಾನೆಟ್ ಮೇಲಿಟ್ಟು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮತ್ತೆ ನಕ್ಕರು.

ಪಕ್ಕದ ಮನೆಯಿಂದ ಜಾಕ್ ತರಿಸಿದರು. ತೂತಿನಿಂದ ದೂರ, ಗಟ್ಟಿ ನೆಲವನ್ನು ಹಿಮ್ಮಡಿಯಿಂದ ಗುದ್ದಿ ನೋಡಿದರು. ಇಳಿಜಾರಿನ ಕಡೆಗೆ ತೆಳು ಹಲಗೆ ಕೊಟ್ಟು ಮಟ್ಟ ಮಾಡಿ, ಉಳಿದ ಚಕ್ರಗಳಿಗೆ ಇಟ್ಟಿಗೆ ಒತ್ತಿಸಿದರು. ಅಂಕಲ್ ಮುಂದೆ ಬಂದರೆ "ನೀವು ಆ ಕಡೆ ನಿಂತ್ಕೊಳ್ರೀ" ಎಂದು ಅಟ್ಟಿ, ಸೆರಗು ಸಿಕ್ಕಿಸಿ, ಹ್ಯಾಂಡಲ್ ತಾವೇ ತಿರುಗಿಸಿದರು. ಕಾರು ಒಂದಿಷ್ಟೂ ಅಲುಗದೆ ಎದ್ದಿತು.

ನಾನು ಪ್ಯಾಡ್ ಹಾಕಿದೆ, ಚಕ್ರ ಬಿಗಿದೆ. ಕೊನೆಗೆ ಧೈರ್ಯ ಮಾಡಿ ಕೇಳಿದೆ: "ಆಂಟಿ, ಗಾಡಿ ರೋಡಿಗಾ?"

"ರೋಡಿಗೆ ಹಾಕಿದ್ರೆ ನಾನು ಎಲ್ಲಿ ಎತ್ಲಿ? ಇಲ್ಲೇ ಇರ್ಲಿ. ಆದ್ರೆ ನಾನಿಲ್ದಾಗ ಮುಟ್ಟಿದ್ರೆ ನೋಡಿ."

ಕಾರನ್ನು ಗೇಟಿನ ಬಳಿಗೆ ತಳ್ಳಿ, ನಾನೂ ಅಂಕಲ್ಲೂ ಮೊಣಕಾಲುದ್ದ ನೀರಿನ ಸಂಪಿಗೆ ಇಳಿದೆವು, ಬಿದ್ದ ಜಾಕ್ ಎತ್ತಿ ಅದು ಬಿಟ್ಟ ಗ್ರೀಸ್ ಉಜ್ಜಲು. ಆಂಟಿ ಮೇಲಿನಿಂದ ಬಗ್ಗಿ ನೋಡಿದರು.

"ಹಿಂದಿನ ಚಕ್ರ ಯಾವಾಗ ಬಿಚ್ಚೋಣ?"